ದೊಡ್ಡ ಹಾಲ್‌ನಲ್ಲಿ ರೆಕಾರ್ಡೆಡ್ ಪ್ರಕಟಣೆ ಕೇಳಿಸುತ್ತದೆ, ಆದರೆ ಅರ್ಥ ಆಗುವುದಿಲ್ಲ. ಏನು ಮಾಡಬಹುದು?

ಹೂಬಳ್ಳಿ:
ಎಲ್ಲರಿಗೂ ನಮಸ್ಕಾರ. ಒಂದು ದೊಡ್ಡ ಕಾಯುವ ಹಾಲ್‌ನಲ್ಲಿ ಪ್ರಕಟಣೆಗಳ ಜವಾಬ್ದಾರಿ ನನ್ನದು. ಹಾಲ್ ಸುಮಾರು 30 ಮೀಟರ್ ಉದ್ದ, 20 ಮೀಟರ್ ಅಗಲ, 8 ಮೀಟರ್ ಎತ್ತರ ಇದೆ. ಕಲ್ಲಿನ ನೆಲ, ಸಿಮೆಂಟ್ ಚಾವಣಿ, ಒಂದು ಕಡೆ ಪೂರ್ತಿ ಗಾಜು. ಪ್ರಕಟಣೆಗಳನ್ನು ಮೊದಲೇ ರೆಕಾರ್ಡ್ ಮಾಡಿಟ್ಟು ಪ್ಲೇ ಮಾಡುತ್ತೇವೆ. ಹೆಡ್‌ಫೋನ್‌ನಲ್ಲಿ ಕೇಳಿದರೆ ಒಂದೊಂದು ಅಕ್ಷರವೂ ಸ್ಪಷ್ಟ. ಹಾಲ್‌ನಲ್ಲಿ ಮಾತ್ರ ಎಲ್ಲವೂ ಗುಂಯ್ ಅನ್ನುತ್ತದೆ. ಜನ ಬಂದು “ಈಗ ಏನು ಹೇಳಿದರು?” ಅಂತ ಕೇಳುತ್ತಾರೆ. ವಾಲ್ಯೂಮ್ ಏರಿಸಿದರೆ ಸದ್ದು ಜಾಸ್ತಿ ಆಗುತ್ತದೆ, ಅರ್ಥ ಮಾತ್ರ ಅಷ್ಟೇ. ವಯಸ್ಸಾದವರಿಗಂತೂ ತುಂಬಾ ಕಷ್ಟ. ರೆಕಾರ್ಡಿಂಗ್‌ನಲ್ಲೇ ಏನಾದರೂ ಬದಲಾವಣೆ ಮಾಡಿ ಇದನ್ನು ಸರಿಪಡಿಸಲು ಆಗುತ್ತದಾ?

ಮಂದ್ರಸ್ಥಾಯಿ:
ಮೊದಲು ಒಂದು ವಿಷಯ ತಿಳಿಯಬೇಕು. ಹಾಲ್‌ನಲ್ಲಿ ಯಾರೂ ಇಲ್ಲದಾಗ ಅದೇ ಪ್ರಕಟಣೆ ಹಾಕಿ ಕೇಳಿದ್ದೀರಾ? ಆಗ ಚೆನ್ನಾಗಿ ಅರ್ಥ ಆದರೆ ತೊಂದರೆ ಜನರ ಗದ್ದಲದ್ದು. ಖಾಲಿ ಹಾಲ್‌ನಲ್ಲೂ ಅರ್ಥ ಆಗದಿದ್ದರೆ ಅದು ಪ್ರತಿಧ್ವನಿಯ ತೊಂದರೆ. ಎರಡಕ್ಕೂ ಮದ್ದು ಬೇರೆ ಬೇರೆ.

ಹೂಬಳ್ಳಿ:
ಕೇಳಿದ್ದೇನೆ ಸರ್. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಕೇಳಿದರೆ ಇನ್ನೂ ಕೆಟ್ಟದಾಗಿರುತ್ತದೆ. ಇದು ಹೇಗೆ ಅಂತ ಗೊತ್ತಾಗಲಿಲ್ಲ.

ಮಂದ್ರಸ್ಥಾಯಿ:
ಹಾಗಾದರೆ ನಿಮ್ಮ ಮುಖ್ಯ ತೊಂದರೆ ಪ್ರತಿಧ್ವನಿಯೇ. ಜನರ ಮೈ, ಬಟ್ಟೆ ಎಲ್ಲವೂ ಸದ್ದನ್ನು ಹೀರುತ್ತವೆ. ಖಾಲಿ ಹಾಲ್‌ನಲ್ಲಿ ಹೀರುವವರೇ ಇಲ್ಲ, ಹಾಗಾಗಿ ಸದ್ದು ಗೋಡೆಯಿಂದ ಗೋಡೆಗೆ ಓಡಾಡುತ್ತಲೇ ಇರುತ್ತದೆ.

ವಾಲ್ಯೂಮ್ ಏಕೆ ಕೆಲಸ ಮಾಡಲಿಲ್ಲ ಅಂತಲೂ ಇದರಿಂದಲೇ ಗೊತ್ತಾಗುತ್ತದೆ. ಗದ್ದಲ ಬೇರೆಯವರದ್ದು. ನಾವು ಜೋರು ಮಾಡಿದರೆ ಅದಕ್ಕಿಂತ ಮೇಲೆ ಬರಬಹುದು. ಪ್ರತಿಧ್ವನಿ ನಮ್ಮದೇ ಮಾತು. ಮಾತು 6 ಡೆಸಿಬೆಲ್ ಏರಿದರೆ ಪ್ರತಿಧ್ವನಿಯೂ 6 ಡೆಸಿಬೆಲ್ ಏರುತ್ತದೆ. ಎರಡರ ನಡುವಿನ ಅಂತರ ಒಂದಿಷ್ಟೂ ಬದಲಾಗುವುದಿಲ್ಲ. ಎಷ್ಟೋ ಕಡೆ ಇದೊಂದನ್ನು ಗಮನಿಸದೆ ದೊಡ್ಡ ಆಂಪ್ಲಿಫೈಯರ್‌ಗೆ ದುಡ್ಡು ಹಾಕುತ್ತಾರೆ. ನೋಡಿದರೆ ಬೇಜಾರಾಗುತ್ತದೆ.

ಎಂಟನೇಗೋಡೆ:
ಲೆಕ್ಕ ಹಾಕಿ ನೋಡೋಣ. 1895ರಲ್ಲಿ ಹಾರ್ವರ್ಡ್‌ನ ಫಾಗ್ ಮ್ಯೂಸಿಯಂ ಉಪನ್ಯಾಸ ಕೊಠಡಿಯಲ್ಲಿ ಇದೇ ತೊಂದರೆ ಇತ್ತು. ಅಲ್ಲಿ ಆಡಿದ ಒಂದು ಪದ ಐದೂವರೆ ಸೆಕೆಂಡ್ ಕೇಳಿಸುತ್ತಲೇ ಇರುತ್ತಿತ್ತು. ಅದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸೇಬಿನ್ ಎಂಬ ಯುವ ಪ್ರಾಧ್ಯಾಪಕರ ಪಾಲಿಗೆ ಬಂತು. ಪಕ್ಕದ ಸ್ಯಾಂಡರ್ಸ್ ಥಿಯೇಟರ್‌ನ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಜೋಡಿಸಿ, ಅಳೆದು ಅವರು ಕಂಡುಕೊಂಡ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಹಾಲ್‌ನ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ ಭಾಗಿಸಬೇಕು. ಬರುವ ಉತ್ತರ ಸದ್ದು 60 ಡೆಸಿಬೆಲ್ ಇಳಿಯಲು ಬೇಕಾದ ಸಮಯ, ಸೆಕೆಂಡ್‌ಗಳಲ್ಲಿ.

ನಿಮ್ಮ ಹಾಲ್ 4800 ಘನ ಮೀಟರ್. ನೆಲ, ಗೋಡೆ, ಚಾವಣಿ ಸೇರಿ 2000 ಚದರ ಮೀಟರ್. ಎಲ್ಲವೂ ಗಟ್ಟಿ ಮೇಲ್ಮೈ ಆದ್ದರಿಂದ ಸರಾಸರಿ 8 ಶೇಕಡಾ ಹೀರುತ್ತದೆ ಅಂದುಕೊಳ್ಳೋಣ. 2000ದ 8 ಶೇಕಡಾ, ಅಂದರೆ ಒಟ್ಟು ಹೀರುವಿಕೆ 160. ಉತ್ತರ 4.8 ಸೆಕೆಂಡ್. ಮಾತಿಗೆ ಇದು ತುಂಬಾ ಜಾಸ್ತಿ. ಈಗ 600 ಚದರ ಮೀಟರ್ ಚಾವಣಿಗೆ ಮಾತ್ರ 80 ಶೇಕಡಾ ಹೀರುವ ಹಾಳೆ ಹಾಕಿದರೆ ಹೀರುವಿಕೆ 592ಕ್ಕೆ ಏರುತ್ತದೆ, ಸಮಯ 1.3 ಸೆಕೆಂಡ್‌ಗೆ ಇಳಿಯುತ್ತದೆ. ಇಷ್ಟು ದೊಡ್ಡ ಬದಲಾವಣೆಯನ್ನು ಯಾವ ಸಾಫ್ಟ್‌ವೇರ್ ಕೂಡ ಕೊಡಲಾರದು.

ಒಂದು ಎಚ್ಚರಿಕೆ. ತೆಳ್ಳನೆಯ ಬಟ್ಟೆ ಅಥವಾ ತೆಳು ಕಾರ್ಪೆಟ್ ಹಾಕಿ ಸುಮ್ನೆ ಕೂರಬೇಡಿ. ಅವು ಮೇಲಿನ ಫ್ರೀಕ್ವೆನ್ಸಿಗಳನ್ನು ಮಾತ್ರ ಹೀರುತ್ತವೆ. ವ್ಯಂಜನಗಳ ಚುರುಕು ಹೋಗಿ ಕೆಳಗಿನ ಗುಂಯ್ ಹಾಗೇ ಉಳಿಯುತ್ತದೆ. ದಪ್ಪ ಹಾಳೆ ಬೇಕು. ಹಿಂದೆ ಸ್ವಲ್ಪ ಖಾಲಿ ಜಾಗ ಬಿಟ್ಟು ಕಟ್ಟಿದರೆ ಇನ್ನೂ ಒಳ್ಳೆಯದು.

ಹೂಬಳ್ಳಿ:
ಚಾವಣಿ ಕೆಲಸದ ಬಗ್ಗೆ ಮೇಲಿನವರಿಗೆ ಬರೆದು ಕೊಡುತ್ತೇನೆ. ಈ ಲೆಕ್ಕ ಅದಕ್ಕೆ ತುಂಬಾ ಉಪಯೋಗ ಆಗುತ್ತದೆ, ಧನ್ಯವಾದ. ಆದರೆ ಅದು ಆಗುವವರೆಗೆ ಸುಮ್ಮನಿರಲು ಆಗುವುದಿಲ್ಲ. ರೆಕಾರ್ಡಿಂಗ್ ಮತ್ತು ಈಗಿರುವ ಸ್ಪೀಕರ್‌ಗಳಲ್ಲಿ ಏನು ಸಾಧ್ಯ?

ಕಿವಿಮಾತು:
ಮಾತು ಮತ್ತು ಕೇಳುವಿಕೆ ನನ್ನ ಕೆಲಸದ ಕ್ಷೇತ್ರ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಮಾತಿನ ಶಕ್ತಿ ಹೆಚ್ಚಾಗಿ ಸ್ವರಗಳಲ್ಲಿದೆ, ಅದೂ ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ. ಪದ ಯಾವುದು ಅಂತ ಹೇಳುವ ಸುಳಿವು ಹೆಚ್ಚಾಗಿ ವ್ಯಂಜನಗಳಲ್ಲಿದೆ, 1000ದಿಂದ 4000 ಹರ್ಟ್ಜ್ ನಡುವೆ. ಬಲವಾದ ಸ್ವರಕ್ಕೂ ದುರ್ಬಲ ವ್ಯಂಜನಕ್ಕೂ 20 ಡೆಸಿಬೆಲ್‌ಗಿಂತ ಜಾಸ್ತಿ ಅಂತರ ಇರಬಹುದು. ಈಗ ನಿಮ್ಮ ಹಾಲ್‌ನ 4.8 ಸೆಕೆಂಡ್ ನೆನಪಿಡಿ. ಅಂದರೆ ಸದ್ದು ಸೆಕೆಂಡ್‌ಗೆ ಸುಮಾರು 12.5 ಡೆಸಿಬೆಲ್ ಮಾತ್ರ ಇಳಿಯುತ್ತದೆ. ಒಂದು ಅಕ್ಷರ ಹೇಳಲು ಸುಮಾರು 200 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಹಿಂದಿನ ಸ್ವರದ ಬಾಲ ಇಳಿದಿರುವುದು ಬರೀ ಎರಡೂವರೆ ಡೆಸಿಬೆಲ್. ಅದಕ್ಕಿಂತ 20 ಡೆಸಿಬೆಲ್ ಕೆಳಗಿರುವ ವ್ಯಂಜನ ಅದರ ಅಡಿಯಲ್ಲಿ ಮುಳುಗಿ ಹೋಗುತ್ತದೆ. ಮಾತು ಕೆಡುವುದು ಇಲ್ಲೇ.

ಇದಕ್ಕೆ ಇನ್ನೊಂದು ಸೇರುತ್ತದೆ. ನಮ್ಮ ಕಿವಿಯಲ್ಲಿ ಕೆಳಗಿನ ಫ್ರೀಕ್ವೆನ್ಸಿಯ ಜೋರು ಸದ್ದು ಮೇಲಿನದ್ದನ್ನು ಮುಚ್ಚುತ್ತದೆ. ಮೇಲಿನದ್ದು ಕೆಳಗಿನದ್ದನ್ನು ಅಷ್ಟಾಗಿ ಮುಚ್ಚುವುದಿಲ್ಲ. ವಾಲ್ಯೂಮ್ ಏರಿದಷ್ಟೂ ಈ ಮುಚ್ಚುವಿಕೆ ಜಾಸ್ತಿ. ಆದ್ದರಿಂದ ಮೊದಲು ಬಾಸ್ ಕಡಿಮೆ ಮಾಡಿ. ಪ್ರಕಟಣೆಯ ಧ್ವನಿಯಲ್ಲಿ 200 ಹರ್ಟ್ಜ್‌ಗಿಂತ ಕೆಳಗಿನದ್ದನ್ನು ಧೈರ್ಯವಾಗಿ ಕತ್ತರಿಸಬಹುದು. ಹಾಲ್ ಇಷ್ಟು ಗುಂಯ್‌ಗುಡುತ್ತಿದ್ದರೆ 300, 400 ಹರ್ಟ್ಜ್‌ವರೆಗೂ ಹೋಗಿ ನೋಡಿ. ಹೆಡ್‌ಫೋನ್‌ನಲ್ಲಿ ಧ್ವನಿ ತೆಳ್ಳಗೆ, ಸ್ವಲ್ಪ ಒರಟಾಗಿ ಕೇಳುತ್ತದೆ. ಅದಕ್ಕೆ ಹೆದರಬೇಡಿ. ಕೇಳುವವರು ಇರುವುದು ಹಾಲ್‌ನಲ್ಲಿ.

ತಂತಿಮೀಟು:
ಕಿವಿಮಾತು ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ. ನಾನು ಧ್ವನಿ ಸಂಸ್ಕರಣೆಯ ಪ್ರೋಗ್ರಾಂ ಬರೆಯುವವನು. 1976ರಲ್ಲೇ ನೀಡರ್‌ಜಾನ್ ಮತ್ತು ಗ್ರೋಟೆಲುಶೆನ್ ಒಂದು ಸರಳ ದಾರಿ ತೋರಿಸಿದ್ದಾರೆ. ಮೊದಲು ಕೆಳಗಿನ ಫ್ರೀಕ್ವೆನ್ಸಿ ಕತ್ತರಿಸಿ, ಆಮೇಲೆ ವೇಗವಾಗಿ ಕೆಲಸ ಮಾಡುವ ಕಂಪ್ರೆಸರ್ ಹಾಕಿ. ಜೋರಾದ ಸ್ವರ ತಗ್ಗುತ್ತದೆ, ಮೆಲ್ಲಗಿನ ವ್ಯಂಜನ ಮೇಲೆ ಬರುತ್ತದೆ. 2013ರ ಹರಿಕೇನ್ ಚಾಲೆಂಜ್ ಎಂಬ ಸ್ಪರ್ಧೆಯಲ್ಲಿ ಬೇರೆ ಬೇರೆ ತಂಡಗಳ ವಿಧಾನಗಳನ್ನು ಗದ್ದಲದಲ್ಲಿ ಜನರಿಗೆ ಕೇಳಿಸಿ ಹೋಲಿಸಿದರು. ಅಲ್ಲಿ ಮುಂದೆ ಬಂದ ವಿಧಾನಗಳಲ್ಲಿ ಒಂದಾದ ಎಸ್‌ಎಸ್‌ಡಿಆರ್‌ಸಿ ಕೂಡ ಮೂಲದಲ್ಲಿ ಇದೇ ಎರಡು ಹೆಜ್ಜೆ. ಫ್ರೀಕ್ವೆನ್ಸಿಯ ರೂಪ ಬದಲಿಸು, ಏರಿಳಿತ ಹಿಂಡು. ಒಟ್ಟು ಶಕ್ತಿ ಮೊದಲಿನಷ್ಟೇ ಇರಬೇಕು ಎಂಬ ನಿಯಮ ಅಲ್ಲಿತ್ತು. ಅಂದರೆ ಜೋರು ಮಾಡದೆಯೇ ಅರ್ಥ ಹೆಚ್ಚಿಸಬಹುದು.

ಗದ್ದಲದಲ್ಲಿ ಮನುಷ್ಯರೂ ತಾವಾಗಿ ಹೀಗೇ ಮಾಡುತ್ತಾರೆ. ಫ್ರಾನ್ಸಿನ ಕಿವಿ ಗಂಟಲು ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಇದರ ಬಗ್ಗೆ ಬರೆದರು. ಸುತ್ತ ಸದ್ದಿದ್ದಾಗ ನಾವು ಧ್ವನಿ ಏರಿಸುತ್ತೇವೆ, ಜೊತೆಗೆ ಧ್ವನಿಯ ಶಕ್ತಿ ಮೇಲಿನ ಫ್ರೀಕ್ವೆನ್ಸಿಗಳ ಕಡೆ ಸರಿಯುತ್ತದೆ. ಹಾಗಾಗಿ ರೆಕಾರ್ಡ್ ಮಾಡುವಾಗ ಓದುವವರ ಹೆಡ್‌ಫೋನ್‌ಗೆ ಹಾಲ್‌ನ ಗದ್ದಲ ಹಾಕಿ ಓದಿಸಿ ನೋಡಿ. ನಿಶ್ಶಬ್ದ ಸ್ಟುಡಿಯೋದಲ್ಲಿ ಮೆಲ್ಲಗೆ, ಇಂಪಾಗಿ ಓದಿದ ಧ್ವನಿಗಿಂತ ಇದು ಹಾಲ್‌ನಲ್ಲಿ ಚೆನ್ನಾಗಿ ನಿಲ್ಲುತ್ತದೆ.

ಎಂಟನೇಗೋಡೆ:
ತಂತಿಮೀಟು ಅವರೇ, ಕಂಪ್ರೆಸರ್ ಬಗ್ಗೆ ನನಗೆ ಒಪ್ಪಿಗೆ ಇಲ್ಲ. ಹೂಬಳ್ಳಿ ಅವರದ್ದು ಪ್ರತಿಧ್ವನಿಯ ತೊಂದರೆ ಅಂತ ಈಗಷ್ಟೇ ಗೊತ್ತಾಯಿತು. ಮಾತಿನ ಅರ್ಥ ಇರುವುದು ಏರಿಳಿತದಲ್ಲಿ. ಪ್ರತಿಧ್ವನಿ ಮೊದಲೇ ಆ ತಗ್ಗುಗಳನ್ನು ತುಂಬಿಬಿಡುತ್ತದೆ. ಕಂಪ್ರೆಸರ್ ಹಾಕಿದರೆ ನೀವೇ ಅವನ್ನು ಇನ್ನಷ್ಟು ತುಂಬಿದ ಹಾಗೆ ಅಲ್ವಾ? ಅಕ್ಷರದ ಬಾಲಗಳು ಮೇಲೇಳುತ್ತವೆ.

ತಂತಿಮೀಟು:
ಸರಿಯಾದ ಮಾತು. ಗದ್ದಲಕ್ಕೆ ಒಳ್ಳೆಯದಾದ ಮದ್ದು ಪ್ರತಿಧ್ವನಿಗೆ ಕೆಟ್ಟದ್ದಾಗಬಹುದು. ಕಂಪ್ರೆಸರ್‌ನ ರಿಲೀಸ್ ಸಮಯ, ಅಂದರೆ ಜೋರು ಸದ್ದು ಮುಗಿದ ಮೇಲೆ ಅದು ತಗ್ಗಿಸುವುದನ್ನು ಬಿಡಲು ತೆಗೆದುಕೊಳ್ಳುವ ಸಮಯ, ತಪ್ಪಾದರೆ ಖಂಡಿತ ನೀವು ಹೇಳಿದ ಹಾಗೇ ಆಗುತ್ತದೆ. 2020ರ ಎರಡನೇ ಹರಿಕೇನ್ ಚಾಲೆಂಜ್‌ನಲ್ಲಿ ಗದ್ದಲದ ಜೊತೆ ಪ್ರತಿಧ್ವನಿಯನ್ನೂ ಸೇರಿಸಿದ್ದು, ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್ ಮೂರರಲ್ಲೂ ಪರೀಕ್ಷಿಸಿದ್ದು ಅದಕ್ಕೇ ಮುಖ್ಯ.

ಪ್ರತಿಧ್ವನಿಗೆಂದೇ ಬೇರೆ ದಾರಿ ಇದೆ. ಜಪಾನಿನ ಸೋಫಿಯಾ ವಿಶ್ವವಿದ್ಯಾಲಯದ ತಕಯುಕಿ ಅರಾಯ್ ಮತ್ತು ಅವರ ಜೊತೆಗಾರರು ಅದರ ಮೇಲೆ ಕೆಲಸ ಮಾಡಿದ್ದಾರೆ. ಸ್ವರದ ಮಧ್ಯದಲ್ಲಿ ಧ್ವನಿ ಹೆಚ್ಚು ಬದಲಾಗದೆ ಒಂದೇ ರೀತಿ ಇರುವ ಭಾಗ ಇದೆಯಲ್ಲ, ಅದನ್ನು ಸ್ಪೀಕರ್‌ಗೆ ಕಳಿಸುವ ಮೊದಲೇ ತಗ್ಗಿಸುತ್ತಾರೆ. ಶಕ್ತಿ ಜಾಸ್ತಿ, ಸುಳಿವು ಕಡಿಮೆ ಇರುವ ಭಾಗ ಅದು. ಅದನ್ನು ತಗ್ಗಿಸಿದರೆ ಬಾಲ ಚಿಕ್ಕದಾಗುತ್ತದೆ, ಮುಂದಿನ ವ್ಯಂಜನ ಉಳಿಯುತ್ತದೆ. ವ್ಯಂಜನದಿಂದ ಸ್ವರಕ್ಕೆ ಹೋಗುವ ತಿರುವನ್ನು ಮುಟ್ಟುವುದಿಲ್ಲ, ಏಕೆಂದರೆ ಸುಳಿವು ಅಲ್ಲೇ ಇದೆ. ಹೂಬಳ್ಳಿ ಅವರು ರೆಕಾರ್ಡಿಂಗ್ ಬಳಸುವುದರಿಂದ ಅವರಿಗೆ ಒಂದು ಅನುಕೂಲ ಇದೆ. ನೇರ ಪ್ರಸಾರದ ಅವಸರ ಇಲ್ಲ. ಒಂದೊಂದು ವಾಕ್ಯವನ್ನೂ ಎಡಿಟರ್‌ನಲ್ಲಿ ತೆರೆದು ಕೈಯಿಂದಲೇ ಉದ್ದ ಸ್ವರಗಳನ್ನು ಕೆಲವು ಡೆಸಿಬೆಲ್ ಇಳಿಸಬಹುದು.

ಹೊಸಕಿವಿ:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಹಾಲ್‌ನ ಪ್ರತಿಧ್ವನಿಯನ್ನು ಅಳೆದು, ಅದರ ಉಲ್ಟಾ ಫಿಲ್ಟರ್ ಮಾಡಿ ರೆಕಾರ್ಡಿಂಗ್‌ಗೆ ಹಾಕಿದರೆ ಪೂರ್ತಿ ಹೊಡೆದು ಹೋಗುವುದಿಲ್ಲವಾ?

ತಂತಿಮೀಟು:
ಒಂದೇ ಒಂದು ಜಾಗದಲ್ಲಿ ಕೂತ ಒಂದು ಕಿವಿಗೆ ಮಾಡಬಹುದು. 2000 ಹರ್ಟ್ಜ್ ಸದ್ದಿನ ಅಲೆಯ ಉದ್ದ ಬರೀ 17 ಸೆಂಟಿಮೀಟರ್. ತಲೆ ಸ್ವಲ್ಪ ಅಲ್ಲಾಡಿಸಿದರೂ ಲೆಕ್ಕ ತಪ್ಪುತ್ತದೆ, ಪಕ್ಕದವರಿಗೆ ಮೊದಲಿಗಿಂತ ಕೆಟ್ಟದಾಗಿಯೂ ಕೇಳಬಹುದು. ಹಾಲ್ ತುಂಬ ಜನ ಇರುವ ಕಡೆ ಅದು ಉಪಯೋಗಕ್ಕೆ ಬರುವುದಿಲ್ಲ.

ಮಂದ್ರಸ್ಥಾಯಿ:
ಸ್ಪೀಕರ್ ವಿಷಯ ಯಾರೂ ಎತ್ತಲಿಲ್ಲ. ಹೂಬಳ್ಳಿ ಅವರೇ, ನಿಮ್ಮಲ್ಲಿ ಎಷ್ಟು ಸ್ಪೀಕರ್ ಇವೆ, ಎಲ್ಲಿವೆ?

ಹೂಬಳ್ಳಿ:
ಎರಡು ದೊಡ್ಡವು. ಒಂದು ತುದಿಯ ಗೋಡೆಯ ಮೇಲೆ, ಚಾವಣಿಗೆ ಹತ್ತಿರ. ಅಲ್ಲಿಂದ ಇಡೀ ಹಾಲ್‌ಗೆ ಕೇಳಬೇಕು ಅಂತ.

ಮಂದ್ರಸ್ಥಾಯಿ:
ಇದನ್ನೇ ಮೊದಲು ಬದಲಿಸಿ. ಸ್ಪೀಕರ್‌ನಿಂದ ನೇರವಾಗಿ ಬರುವ ಸದ್ದು ದೂರ ಎರಡರಷ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ. ಪ್ರತಿಧ್ವನಿ ಮಾತ್ರ ಹಾಲ್ ತುಂಬ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರುತ್ತದೆ. ಎರಡೂ ಸಮ ಆಗುವ ದೂರ ಒಂದಿದೆ. ಸಾಧಾರಣ ದಿಕ್ಕು ಹಿಡಿಯುವ ಸ್ಪೀಕರ್‌ಗೆ ನಿಮ್ಮ ಹಾಲ್‌ನಲ್ಲಿ ಅದು ಬರೀ 4 ಮೀಟರ್ ಆಗುತ್ತದೆ. ಅದರಾಚೆ ಕೂತವರಿಗೆ ಮೂಲ ಮಾತಿಗಿಂತ ಅದರ ಪ್ರತಿಧ್ವನಿಯೇ ಜಾಸ್ತಿ. ಅಂದರೆ ಈಗ ನಿಮ್ಮ ಹಾಲ್‌ನಲ್ಲಿ ಹೆಚ್ಚಿನವರು ಪ್ರತಿಧ್ವನಿಯನ್ನೇ ಕೇಳುತ್ತಿದ್ದಾರೆ.

ಎರಡು ದಾರಿ ಇವೆ. ಒಂದು, ಕಾಲಂ ಸ್ಪೀಕರ್. ಉದ್ದಕ್ಕೆ ಸಾಲಾಗಿ ಚಿಕ್ಕ ಸ್ಪೀಕರ್‌ಗಳಿರುವ ಪೆಟ್ಟಿಗೆ. ಅದು ಸದ್ದನ್ನು ಮೇಲೆ ಕೆಳಗೆ ಚೆಲ್ಲದೆ ಜನರ ಕಿವಿಯ ಎತ್ತರಕ್ಕೆ ಅಡ್ಡಲಾಗಿ ಹರಡುತ್ತದೆ. ಇನ್ನೊಂದು, ಜನ ಕೂರುವ ಕಡೆಗೆಲ್ಲಾ ಚಿಕ್ಕ ಸ್ಪೀಕರ್‌ಗಳನ್ನು ತಗ್ಗಾಗಿ ಹಾಕಿ, ಮೆಲ್ಲನೆಯ ವಾಲ್ಯೂಮ್‌ನಲ್ಲಿ ನುಡಿಸುವುದು. ಎರಡನೆಯದರಲ್ಲಿ ಡಿಲೇ ಮರೆಯಬೇಡಿ. ಸದ್ದು ಸೆಕೆಂಡ್‌ಗೆ ಸುಮಾರು 343 ಮೀಟರ್ ಹೋಗುತ್ತದೆ. 20 ಮೀಟರ್ ದೂರದ ಸ್ಪೀಕರ್‌ನ ಮಾತು 58 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಸುಮಾರು 50 ಮಿಲಿಸೆಕೆಂಡ್ ಒಳಗೆ ಬಂದ ಮರುಧ್ವನಿಯನ್ನು ಕಿವಿ ಮೂಲ ಮಾತಿನ ಜೊತೆ ಸೇರಿಸಿಕೊಂಡು ಬಲ ಪಡೆಯುತ್ತದೆ. ಅದಾದ ಮೇಲೆ ಬಂದದ್ದು ಬರೀ ಅಡ್ಡಿ. 1949ರಲ್ಲಿ ಹೆಲ್ಮುಟ್ ಹಾಸ್ ಇದನ್ನು ವಿವರವಾಗಿ ಅಳೆದರು. ಹಾಗಾಗಿ ಹತ್ತಿರದ ಸ್ಪೀಕರನ್ನೇ ಅಷ್ಟು ತಡ ಮಾಡಿ ನುಡಿಸಬೇಕು.

ಎಂಟನೇಗೋಡೆ:
ಚಾವಣಿ ಕೆಲಸ ಆದ ಮೇಲೆ ಆ 4 ಮೀಟರ್ ಸುಮಾರು 7.7 ಆಗುತ್ತದೆ. ಒಂದು ಕೆಲಸ ಇನ್ನೊಂದಕ್ಕೆ ಬಲ ಕೊಡುತ್ತದೆ ಅಂತ ಮೇಲಿನವರಿಗೆ ಬರೆಯುವಾಗ ಸೇರಿಸಿ.

ನುಡಿಗೆರೆ:
ನಾನು ಪ್ರಕಟಣೆಯ ಪಠ್ಯ ಬರೆಯುವವಳು. ಇಷ್ಟು ಹೊತ್ತು ಎಲ್ಲರೂ ಧ್ವನಿಯ ಬಗ್ಗೆ ಮಾತಾಡಿದಿರಿ. ಪಠ್ಯವನ್ನೇ ಹಾಲ್‌ಗೆ ತಕ್ಕ ಹಾಗೆ ಬರೆದರೆ ಅರ್ಧ ಕೆಲಸ ಬಿಟ್ಟಿಯಾಗಿ ಆಗುತ್ತದೆ.

ಮೊದಲು ಸಂಖ್ಯೆಗಳು. ಇಪ್ಪತ್ತು, ಎಪ್ಪತ್ತು. ಪ್ರತಿಧ್ವನಿಯಲ್ಲಿ ಇವೆರಡನ್ನು ಬೇರೆ ಮಾಡುವುದು ಮೊದಲ ಸ್ವರ ಒಂದೇ. ನಲವತ್ತು, ಐವತ್ತು, ಅರವತ್ತು, ಮೂರೂ ಒಂದೇ ಬಾಲದವು. ಮೂರು, ನೂರು ಕೂಡ ಹಾಗೆಯೇ. “ಎಪ್ಪತ್ತೆರಡು” ಅಂತ ಹೇಳಿದ ಮೇಲೆ ಒಮ್ಮೆ “ಏಳು, ಎರಡು” ಅಂತ ಬಿಡಿಬಿಡಿಯಾಗಿ ಹೇಳಿ. ತಪ್ಪುವ ಸಾಧ್ಯತೆ ತುಂಬಾ ಕಡಿಮೆಯಾಗುತ್ತದೆ.

ಎರಡನೆಯದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, “ಇಲ್ಲ” ಅದರ ಬಾಲಕ್ಕೆ ಅಂಟುತ್ತದೆ. ಓದುವವರ ಉಸಿರು, ಧ್ವನಿ ಎರಡೂ ಇಳಿಯುವುದು ಅಲ್ಲೇ. “ಎರಡನೇ ಬಾಗಿಲು ಇಂದು ತೆರೆಯುವುದಿಲ್ಲ” ಎಂಬುದರಲ್ಲಿ ಕೊನೆಯ ಅಕ್ಷರಗಳು ಮುಳುಗಿದರೆ ಅರ್ಥವೇ ತಿರುಗಿಬಿಡುತ್ತದೆ. “ಎರಡನೇ ಬಾಗಿಲು ಇಂದು ಮುಚ್ಚಿದೆ” ಅಂತ ಬರೆಯಿರಿ. ವಾಕ್ಯದ ಕೊನೆಯಲ್ಲಿ ಧ್ವನಿ ಇಳಿಸಬೇಡಿ ಅಂತ ಓದುವವರಿಗೂ ಹೇಳಿ. ಎಡಿಟ್ ಮಾಡುವಾಗ ಕೊನೆಯ ಪದವನ್ನು ಸ್ವಲ್ಪ ಎತ್ತಿದರೂ ಆಗುತ್ತದೆ.

ಕಿವಿಮಾತು:
ನುಡಿಗೆರೆ ಅವರ ಮಾತಿಗೆ ಆಧಾರ ಇದೆ. 1955ರಲ್ಲಿ ಮಿಲ್ಲರ್ ಮತ್ತು ನೈಸ್ಲಿ ಇಂಗ್ಲಿಷಿನ 16 ವ್ಯಂಜನಗಳನ್ನು ಗದ್ದಲದಲ್ಲಿ ಕೇಳಿಸಿ, ಯಾವುದು ಯಾವುದರ ಜೊತೆ ಬೆರೆಯುತ್ತದೆ ಅಂತ ನೋಡಿದರು. ಅಕ್ಷರ ಮೂಗಿನದ್ದಾ, ಗಂಟಲು ಕಂಪಿಸುತ್ತದಾ ಎಂಬ ಸುಳಿವು ಬಹಳ ಗಟ್ಟಿ. ಗದ್ದಲ ಮಾತಿಗಿಂತ 12 ಡೆಸಿಬೆಲ್ ಜೋರಿದ್ದಾಗಲೂ ಉಳಿಯುತ್ತದೆ. ಬಾಯಲ್ಲಿ ಎಲ್ಲಿ ಹುಟ್ಟಿತು ಎಂಬ ಸುಳಿವು ಮಾತ್ರ ಬಹಳ ಬೇಗ ಕಳೆದುಹೋಗುತ್ತದೆ. ಮ, ನ ಎರಡೂ ಮೂಗಿನವು, ಹುಟ್ಟುವ ಜಾಗ ಮಾತ್ರ ಬೇರೆ. ಮೂರು ನೂರಾಗುವುದು ಹೀಗೆ. ಪ, ತ, ಕ ಒಂದರ ಜೊತೆ ಒಂದು ಬೆರೆಯುವುದಕ್ಕೂ ಇದೇ ಕಾರಣ.

ಹೊಸಕಿವಿ:
ಎಲ್ಲವನ್ನೂ ನಿಧಾನವಾಗಿ ಓದಿಸಿದರೆ ಸಾಲದಾ? ಸಾಫ್ಟ್‌ವೇರ್‌ನಲ್ಲಿ ಎಳೆದು ಉದ್ದ ಮಾಡಬಹುದಲ್ಲ?

ಕಿವಿಮಾತು:
ನಿಧಾನ ಒಳ್ಳೆಯದು. ಆದರೆ ಎಳೆದರೆ ಉದ್ದ ಆಗುವುದು ಹೆಚ್ಚಾಗಿ ಸ್ವರ, ಅಂದರೆ ಬಾಲಕ್ಕೆ ಇನ್ನಷ್ಟು ಶಕ್ತಿ. ಅದಕ್ಕಿಂತ ಪದಗುಚ್ಛಗಳ ನಡುವೆ ಖಾಲಿ ಬಿಡಿ. ಮುಖ್ಯ ಪದದ ಮುಂಚೆ ಅರ್ಧ ಸೆಕೆಂಡ್ ಬಿಟ್ಟರೂ ಹಿಂದಿನ ಬಾಲ 6 ಡೆಸಿಬೆಲ್ ಇಳಿದಿರುತ್ತದೆ. ಜನ ತಾವಾಗಿ ಸ್ಪಷ್ಟವಾಗಿ ಮಾತಾಡುವಾಗಲೂ ವೇಗ ತಗ್ಗಿಸುತ್ತಾರೆ, ಜೊತೆಗೆ ನಡುವೆ ಬಿಡುವು ಕೊಟ್ಟು ವ್ಯಂಜನಗಳನ್ನು ಬಿಡಿಸಿ ಹೇಳುತ್ತಾರೆ.

ಎಲೆಮರೆ:
ನನ್ನ ಕಿವಿಯಲ್ಲಿ ಶ್ರವಣ ಸಾಧನ ಇದೆ. ಈ ಚರ್ಚೆ ಓದಿ ನಿಜಕ್ಕೂ ಸಂತೋಷ ಆಯಿತು. ನನ್ನಂಥವರಿಗೆ ಪ್ರತಿಧ್ವನಿಯ ಹಾಲ್ ಅಂದರೆ ಸಾಧನ ಎಲ್ಲವನ್ನೂ ಸೇರಿಸಿ ಜೋರು ಮಾಡುತ್ತದೆ ಅಷ್ಟೇ. ಎರಡು ಕೋರಿಕೆ ಇವೆ. ಸಾಧ್ಯವಾದರೆ ಒಂದು ಭಾಗದಲ್ಲಿ ಇಂಡಕ್ಷನ್ ಲೂಪ್ ತಂತಿ ಹಾಕಿಸಿ. ಆ ತಂತಿಯ ಕಾಂತೀಯ ಸಂಕೇತ ಹಿಡಿಯುವ ಟೆಲಿಕಾಯಿಲ್ ಇರುವ ಸಾಧನಕ್ಕೆ ರೆಕಾರ್ಡಿಂಗ್ ನೇರವಾಗಿ ಬರುತ್ತದೆ, ಹಾಲ್‌ನ ಸದ್ದು ನಡುವೆ ಬರುವುದೇ ಇಲ್ಲ. ಇನ್ನೊಂದು, ಅದೇ ಪಠ್ಯವನ್ನು ಪರದೆಯ ಮೇಲೆ ಹಾಕಿ. ಕೇಳಿಸಿದ್ದು ಸರಿಯಾ ಅಂತ ಕಣ್ಣಲ್ಲಿ ನೋಡಿಕೊಳ್ಳಬಹುದು.

ಹೂಬಳ್ಳಿ:
ಖಂಡಿತ ಸೇರಿಸುತ್ತೇನೆ. ಇಷ್ಟೆಲ್ಲಾ ಬದಲಿಸಿದ ಮೇಲೆ ಸುಧಾರಿಸಿದೆಯಾ ಅಂತ ಹೇಗೆ ತಿಳಿಯುವುದು? ನನಗೆ ಪಠ್ಯ ಬಾಯಿಪಾಠ ಆಗಿದೆ, ಹೇಗೆ ಹಾಕಿದರೂ ಅರ್ಥ ಆಗುತ್ತದೆ.

ಎಂಟನೇಗೋಡೆ:
ಅಳತೆ ಬೇಕೆಂದರೆ ಮಾತಿನ ಸ್ಪಷ್ಟತೆಯ ಸೂಚ್ಯಂಕವಾದ ಎಸ್‌ಟಿಐ ಇದೆ. 1970ರ ದಶಕದ ಆರಂಭದಲ್ಲಿ ನೆದರ್‌ಲ್ಯಾಂಡ್ಸ್‌ನ ಟಿಎನ್‌ಒ ಸಂಶೋಧನಾ ಸಂಸ್ಥೆಯಲ್ಲಿ ಹೌಟ್‌ಹಾಸ್ಟ್ ಮತ್ತು ಸ್ಟೇನೆಕೆನ್ ರೂಪಿಸಿದ್ದು, ಈಗ ಅಂತರರಾಷ್ಟ್ರೀಯ ಐಇಸಿ 60268-16 ಮಾನದಂಡ. 0ಯಿಂದ 1ರವರೆಗೆ ಅಂಕ ಕೊಡುತ್ತದೆ. 0.45ಕ್ಕಿಂತ ಕಡಿಮೆ ಇದ್ದರೆ ಕಳಪೆ, 0.6 ದಾಟಿದರೆ ಒಳ್ಳೆಯದು. ಮಾತಿನ ಏರಿಳಿತ ಕೇಳುವವರ ಕಿವಿ ತಲುಪುವಾಗ ಎಷ್ಟು ಉಳಿದಿದೆ ಅಂತ ಇದು ನೋಡುತ್ತದೆ. ಅಕ್ಷರಗಳು ಬರುವ ವೇಗ ಸೆಕೆಂಡ್‌ಗೆ ಸುಮಾರು 4. ಆ ಏರಿಳಿತದಲ್ಲಿ 4.8 ಸೆಕೆಂಡ್ ಪ್ರತಿಧ್ವನಿಯ ನಡುವೆ ಕೂತವರಿಗೆ ಉಳಿಯುವುದು ಸುಮಾರು 11 ಶೇಕಡಾ. 1.3 ಸೆಕೆಂಡ್ ಆದರೆ 39 ಶೇಕಡಾ. ಗದ್ದಲಕ್ಕಿಂತ ಮಾತು 15 ಡೆಸಿಬೆಲ್ ಮೇಲಿದ್ದರೆ ಗದ್ದಲದಿಂದ ಆಗುವ ನಷ್ಟ 3 ಶೇಕಡಾ ಮಾತ್ರ. ಅದರ ಮೇಲೆ ವಾಲ್ಯೂಮ್ ಏರಿಸಿ ಪಡೆಯುವುದು ಏನೂ ಇಲ್ಲ.

ಕಿವಿಮಾತು:
ಎಸ್‌ಟಿಐ ಹಾಲ್ ಮತ್ತು ಸ್ಪೀಕರ್ ಅಳೆಯಲು ಒಳ್ಳೆಯದು. ನೀವು ರೆಕಾರ್ಡಿಂಗ್‌ನಲ್ಲಿ, ಪಠ್ಯದಲ್ಲಿ ಮಾಡಿದ ಬದಲಾವಣೆ ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಜನರೇ ಬೇಕು. ಪಠ್ಯ ಮೊದಲು ಕೇಳದವರನ್ನು ಹಾಲ್‌ನ ಬೇರೆ ಬೇರೆ ಮೂಲೆಗಳಲ್ಲಿ ಕೂರಿಸಿ. ಸಂಖ್ಯೆ, ಹೆಸರು ಬದಲಿಸಿದ ಹೊಸ ವಾಕ್ಯಗಳನ್ನು ಹಾಕಿ, ಕೇಳಿಸಿದ್ದನ್ನು ಬರೆಯಲು ಹೇಳಿ. ಹಳೆಯದು, ಹೊಸದು ಕಲಸಿ ಹಾಕಿ, ಯಾವುದು ಯಾವುದು ಅಂತ ಹೇಳಬೇಡಿ. “ಯಾವುದು ಚೆನ್ನಾಗಿದೆ?” ಅಂತ ಕೇಳಬೇಡಿ. ಇಂಪಾದದ್ದಕ್ಕೇ ಕೈ ಎತ್ತುತ್ತಾರೆ. ಬರೆದದ್ದರಲ್ಲಿ ಎಷ್ಟು ಸರಿ ಅಂತ ಎಣಿಸಿ. ವಯಸ್ಸಾದವರು, ಆ ಭಾಷೆ ಮನೆಮಾತಲ್ಲದವರು ಇಬ್ಬರೂ ಇರಲೇಬೇಕು. ಪ್ರತಿಧ್ವನಿ ಹೆಚ್ಚು ಕಾಡುವುದು ಅವರನ್ನೇ.

ಹೂಬಳ್ಳಿ:
ಹಾಗಾದರೆ ಈ ವಾರ ಬಾಸ್ ಕತ್ತರಿಸಿ, ಪಠ್ಯ ತಿದ್ದಿ, ಬಿಡುವು ಸೇರಿಸುತ್ತೇನೆ. ಆಮೇಲೆ ಚಿಕ್ಕ ಸ್ಪೀಕರ್‌ಗಳು. ಗಾಜಿನ ಗೋಡೆಯ ಬಗ್ಗೆ ಒಂದು ಪ್ರಶ್ನೆ ಉಳಿದಿದೆ. ಅದಕ್ಕೆ ಏನೂ ಅಂಟಿಸಲು ಬಿಡುವುದಿಲ್ಲ.

ಮಂದ್ರಸ್ಥಾಯಿ:
ಅಂಟಿಸುವುದು ಬೇಡ. ಸ್ಪೀಕರ್‌ಗಳನ್ನು ಗಾಜಿನ ಕಡೆಯೇ ಕಂಬಗಳಿಗೆ ಹಾಕಿ, ಗಾಜಿಗೆ ಬೆನ್ನು ಮಾಡಿ, ಕೆಳಗೆ ಕೂತವರ ಕಡೆ ಬಾಗಿಸಿ. ಸದ್ದು ಮೊದಲು ತಾಗುವುದು ಜನರಿಗೆ ಆಗಲಿ. ಒಂದು ಸಾಲು ಹಾಕಿ ಕೇಳಿ ನೋಡಿ, ಜನ ಬರೆದ ಹಾಳೆಗಳ ಲೆಕ್ಕವನ್ನು ಇಲ್ಲಿ ಹಾಕಿದರೆ ಡಿಲೇ ಎಷ್ಟು ಇಡಬೇಕು ಅಂತ ಸೇರಿ ನೋಡೋಣ.